ಆನೆಗೆ ಬೆನ್ನು ಹಾಕಿ ಕೂತವನು

ಶಾಲೆಯ ಬಸ್ಸು ಓಡಿಸುವ ಅವನನ್ನು ಮಕ್ಕಳೆಲ್ಲ ಬಸ್ ಮಾವ ಎಂದೇ ಕರೆಯುತ್ತಿದ್ದರು. ಮೈ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಯಾವುದಾದರೂ ಮಗು ಕಿಟಕಿಯಿಂದ ಕೈ ಹೊರಗೆ ಹಾಕಿದ್ದು ಕನ್ನಡಿಯಲ್ಲಿ ಕಂಡರೆ ಸಾಕು, ಅವನ ಒಂದು ಗದರಿಕೆಗೆ ಇಡೀ ಬಸ್ಸು ಗಪ್‌ಚುಪ್. ಆದರೆ ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಇದೇ ಮನುಷ್ಯನಿಗೆ ಪುಕುಪುಕು. ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇರುತ್ತಿತ್ತು.

ರಜೆಯಲ್ಲಿ ಕಾಡಿಗೆ ಹೋಗೋಣವೆಂದು ಹಟ ಹಿಡಿದವಳು ಹೆಂಡತಿ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುವವಳು. "ಡಬ್ಬಿ, ಬಾಟ್ಲಿ ನೋಡಿ ನೋಡಿ ಕಣ್ಣು ಸವೆದಿದೆ. ಒಂದ್ಸಲ ಆನೆ ನೋಡ್ಬೇಕು ನಾನು" ಎಂದಳು. ಅವಳ ತಂಗಿಯೂ ತಂಗಿಯ ಗಂಡನೂ ಜೊತೆಯಾದರು.

ತೆರೆದ ಜೀಪು. ಇವನಿಗೆ ಸಿಕ್ಕಿದ್ದು ತೀರಾ ಹಿಂದಿನ ತುದಿ. ಒಂದು ಕಡೆ ಬಿದಿರು, ಇನ್ನೊಂದು ಕಡೆ ಆಳವಾದ ಕೊರಕಲು, ನಡುವೆ ಒಂದೇ ಗಾಡಿ ಹಿಡಿಸುವ ಮಣ್ಣಿನ ದಾರಿ. ಕಬ್ಬಿಣದ ಸರಳನ್ನು ಅಪ್ಪಿಕೊಂಡು ಕೂತ ಅವನನ್ನು ಕಂಡು ಷಡ್ಡಕ, "ಭಾವ, ಆ ಸರಳು ಕಿತ್ತು ಬಂದ್ರೆ ದಂಡ ಕಟ್ಟಬೇಕಾಗುತ್ತೆ" ಎಂದು ನಕ್ಕ.

ನಗು ಮುಗಿದಿರಲಿಲ್ಲ, ಎದುರಿನ ಬಿದಿರು ಅಲುಗಿತು. ಮೊದಲು ಮರಿ ದಾರಿಗಿಳಿಯಿತು, ಅದರ ಹಿಂದೆಯೇ ತಾಯಿ. ಜೀಪು ನಿಂತಿತು. ಆನೆ ಕಿವಿ ಅಗಲಿಸಿ ಘೀಳಿಟ್ಟಾಗ ಡ್ರೈವರ್ ತಲೆ ತಿರುಗಿಸದೆಯೇ, "ಹಿಂದಕ್ಕೆ ಹೋಗ್ಬೇಕು. ಅದರ ಮೇಲಿಂದ ನಾನು ಕಣ್ಣು ತೆಗೆಯೋ ಹಾಗಿಲ್ಲ. ಕೊನೇಲಿ ಕೂತಿರೋರು ದಾರಿ ನೋಡ್ಕೊಂಡು ಹೇಳ್ರಿ" ಎಂದ.

ಕೊನೆಯಲ್ಲಿ ಕೂತವನು ಅವನೇ.

ತಿರುಗಿ ಕೂತ. ಆನೆ ಬೆನ್ನಿಗೆ ಬಂತು. ಷರಟಿನ ಹಿಂಭಾಗವನ್ನು ಯಾರೋ ಕತ್ತರಿಸಿ ತೆಗೆದಂತೆ ಬೆನ್ನು ತಣ್ಣಗಾಯಿತು. ಬಾಯಿ ತೆರೆದ, ದನಿ ಬರಲಿಲ್ಲ.

"ಹೇಳ್ರೀ!" ಹೆಂಡತಿ ಭುಜಕ್ಕೆ ಗುದ್ದಿದಳು.

"ಬ... ಬನ್ನಿ. ಎಡಕ್ಕೆ. ಇನ್ನೂ ಎಡಕ್ಕೆ."

ಜೀಪು ವಾಲಿತು. ಹಿಂದಿನ ಚಕ್ರದಡಿಯ ಮಣ್ಣು ಕುಸಿದು ಕೊರಕಲಿಗೆ ಸುರಿಯಿತು. ತಾನು ತಿರುಗಿ ಕೂತಿದ್ದೇನೆ, ತನ್ನ ಎಡ ಡ್ರೈವರನ ಬಲ ಎಂಬುದು ಆಗ ಹೊಳೆಯಿತು.

"ಅಯ್ಯೋ, ಅಲ್ಲ! ನಿಮ್ಮ ಬಲಕ್ಕೆ! ಬಿದಿರಿನ ಕಡೆಗೆ!"

ಚಕ್ರ ಎರಡು ಸಲ ಬರಿದೇ ಸುತ್ತಿ, ಮೂರನೆಯ ಸಲ ನೆಲ ಕಚ್ಚಿತು. ಅವನ ಬೆನ್ನ ಹಿಂದೆ ಕೊಂಬೆಗಳು ಲಟಲಟನೆ ಮುರಿಯುತ್ತಿದ್ದವು. ತಮಾಷೆಗಾರ ಷಡ್ಡಕ "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಹೆಂಡತಿಯ ಉಗುರು ಭುಜದೊಳಗೆ ಇಳಿಯುತ್ತಿತ್ತು. ಅದು ಬಿಗಿಯಾದಾಗಲೆಲ್ಲ ಆನೆ ಹತ್ತಿರ ಬಂತೆಂದು ಅವನು ತಿಳಿದ. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ "ಬರ್ಲಿ, ಬರ್ಲಿ" ಎನ್ನುತ್ತಲೇ ಇದ್ದ. ತಿರುವಿನಲ್ಲಿ ದಾರಿ ಅಗಲವಾಯಿತು. ಡ್ರೈವರ್ ಗಾಡಿ ತಿರುಗಿಸಿದವನೇ ಓಡಿಸಿಬಿಟ್ಟ. ಅಷ್ಟರಲ್ಲಿ ಆನೆ ಮರಿಯನ್ನು ಕರೆದುಕೊಂಡು ಹೊರಟುಹೋಗಿತ್ತಂತೆ.

ವಸತಿಗೃಹದ ಜಗಲಿಯಲ್ಲಿ ಎಲ್ಲರಿಗೂ ಒಮ್ಮೆಲೇ ಮಾತು ಬಂತು. ದಂತ ಇತ್ತು, ಇರಲಿಲ್ಲ ಎಂದು ಅಕ್ಕತಂಗಿಯರ ಜಗಳ. ಅವನು ಮೆಲ್ಲಗೆ, "ಎಷ್ಟು ದೊಡ್ಡದಿತ್ತು?" ಎಂದು ಕೇಳಿದ.

"ಅಯ್ಯೋ, ನೀವು ನೋಡ್ಲೇ ಇಲ್ವಾ?" ಎಂದಳು ಹೆಂಡತಿ.

"ಎಲ್ಲಿಂದ ನೋಡಲಿ?"

ಷಡ್ಡಕ ನಗಲು ಹೊರಟವನು, ನಗು ನುಂಗಿಕೊಂಡು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದ.

ಶಾಲೆ ಮತ್ತೆ ಶುರುವಾದ ದಿನ ಅಂಗಳದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯಬೇಕಾಯಿತು. ಗೇರು ಹಾಕಿದ್ದೇ ತಡ, ಕತ್ತಿನ ಹಿಂದೆ ಕೂದಲು ನಿಮಿರಿತು. ಇಳಿದು ಬಸ್ಸಿನ ಹಿಂದೆ ಹೋಗಿ ನೋಡಿದ. ಒಂದು ನೀರಿನ ಬಾಟಲಿ ಬಿಟ್ಟರೆ ಅಂಗಳ ಖಾಲಿ. ಮಾರನೆಯ ದಿನವೂ ಹಾಗೆಯೇ ಆಯಿತು. ಸಂಜೆ ಅಡುಗೆಮನೆಯಲ್ಲಿ ನಾಚಿಕೊಳ್ಳುತ್ತ ಹೆಂಡತಿಗೆ ಹೇಳಿದ.

ಅವಳು ನಗಲಿಲ್ಲ. "ನಾನು ಕಂಡಿದ್ದು ಒಂದೇ ಆನೆ. ನಿಮ್ಮ ಬೆನ್ನ ಹಿಂದೆ ಎಷ್ಟಿದ್ವೋ ಪಾಪ" ಎಂದಳು.

ಈಗ ಆ ಹೆದರಿಕೆ ಕಡಿಮೆಯಾಗಿದೆ. ಆದರೂ ಬಸ್ಸನ್ನು ಹಿಂದಕ್ಕೆ ತೆಗೆಯುವ ಮೊದಲು ಇಳಿದು ಒಂದು ಸುತ್ತು ಬರುತ್ತಾನೆ. ಬಸ್ ಮಾವ ಟೈರು ನೋಡುತ್ತಾನೆ ಎಂದು ಮಕ್ಕಳು ತಿಳಿದಿದ್ದಾರೆ.