ಹಾಡುವವರಿಲ್ಲದ ಪೇಟಿ

ತೆಲಿಗಿಯ ಹುಲುಗೇಶ ಮೂವತ್ತೆರಡನೇ ವಯಸ್ಸಿಗೆ ಕಾಮಾಲೆ ಆಗಿ ತೀರಿಕೊಂಡ. ಅದು ಎರಡು ಸಾವಿರದ ಐದನೇ ಇಸವಿ. ಊರಿನವರು ಅವನನ್ನು ನಾಟಕದ ಮಾಸ್ತರ ಅಂತ ನೆನೆಯುತ್ತಾರೆ. ಹೆಂಡತಿ ಗಾದೆಮ್ಮನಿಗೆ ಗೊತ್ತಿರುವುದು ಬೇರೆ. ಅವನಿಗೆ ನಾಟಕ ಬೇಕಾಗಿರಲಿಲ್ಲ. ಹಾಡುವವರು ಯಾರೂ ಇಲ್ಲದೆ, ಜನ ಪೇಟಿಯೊಂದನ್ನೇ ಕೂತು ಕೇಳುವ ಕಚೇರಿ ಬೇಕಾಗಿತ್ತು.

ಪೇಟಿ ಕಲಿಸಿದವನು ಚೌಡಣ್ಣ ಮಾಸ್ತರ. ಕಾಲಲ್ಲಿ ತುಳಿಯುತ್ತ ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ ಅದು. ಹದಿನೈದು ತುಂಬುವುದರೊಳಗೆ ಹುಡುಗನನ್ನು ನಾಟಕದ ಪೇಟಿಗೆ ಕೂರಿಸಿದ. ಹಲವಾಗಲು, ಉಚ್ಚಂಗಿದುರ್ಗ, ಹಡಗಲಿ ಕಡೆಯ ಹಳ್ಳಿಗಳು, ಕರೆದಲ್ಲೆಲ್ಲ ಹೋದ. ಹೊಲದಲ್ಲಿ ದುಡಿಯುವವರೇ ಬಣ್ಣ ಹಚ್ಚಿಕೊಂಡು ಹಾಡುವ ನಾಟಕ. ಒಬ್ಬ ಸಾಲು ಮರೆಯುತ್ತಾನೆ, ಇನ್ನೊಬ್ಬನಿಗೆ ಉಸಿರು ಸಾಲದು. ಪೇಟಿಯವನು ಸ್ವರ ಎತ್ತಿಕೊಟ್ಟು, ಕೈ ತಡೆದು ಕಾಯಬೇಕು. ಹುಲುಗೇಶ ಹತ್ತು ವರ್ಷ ಕಾದ.

ಕಚೇರಿಯ ರಾಗಗಳನ್ನು ಮನೆಯಲ್ಲಿ ಸಾಧನೆ ಮಾಡುತ್ತಿದ್ದ. ಬೆಳಿಗ್ಗೆ ಅವನು ನುಡಿಸುವಾಗ ಗಾದೆಮ್ಮ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಅವಳು ಗುನುಗುತ್ತಾಳೆ ಅಂತ ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಕೊಟ್ಟೂರಿನ ಒಂದು ಸಂಗೀತ ಮಂಡಳಿಯವರು ಅರ್ಧ ತಾಸು ಕೊಟ್ಟರು. ತಬಲಾಕ್ಕೆ ಯರ್ರೆಪ್ಪ ಕೂತ. ಗಾದೆಮ್ಮ ಹೆಂಗಸರ ಸಾಲಿನಲ್ಲಿ ಕೂತಳು. ಹುಲುಗೇಶ ಭೀಮಪಲಾಸ ರಾಗ ಎತ್ತಿದ. ಒಂದು ಸಾಲು ನುಡಿಸಿ ಕೈ ತಡೆದ. ಮತ್ತೊಂದು ಸಾಲು, ಮತ್ತೆ ತಡೆದ. ಮೂರನೇ ಸಲ ಯರ್ರೆಪ್ಪ ತಬಲಾ ಬಿಟ್ಟು ಅವನ ಮುಖ ನೋಡಿದ.

ಹಿಂದಿನಿಂದ ಒಬ್ಬ ಕೂಗಿದ. "ಮಾಸ್ತರ, ಯಾರ್ನ ಕಾಯಾಕತ್ತೀರಿ? ರಾಜಾಪಾರ್ಟಿನವ ಇನ್ನಾ ಬಣ್ಣ ಹಚ್ಕೊಳ್ಳಾಕತ್ಯಾನೇನು?"

ಜನ ನಕ್ಕರು. ಗಾದೆಮ್ಮನ ಗಂಟಲಿಗೆ ಮುಂದಿನ ಸಾಲು ಬಂದಿತ್ತು. ಮನೆಯಲ್ಲಿ ಆ ಜಾಗ ತುಂಬುತ್ತಿದ್ದವಳು ತಾನು ಅಂತ ಆಗ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಹೇಗೋ ಮುಗಿಸಿ ಎದ್ದ.

ಬಸ್ಸಿನಲ್ಲಿ ಹೇಳಿದಳು. "ತಪ್ಪು ನಂದೈತ್ರಿ. ನೀವು ತಡದಾಗೆಲ್ಲ ಮನ್ಯಾಗ ನಾನು ಗುನುಗ್ತಿದ್ದೆ, ಅದಕ್ಕ ತಡದದ್ದು ನಿಮಗ ತಿಳೀಲಿಲ್ಲ."

"ಲೇ, ಮೊದ್ಲ ಹೇಳಾಕ ಏನಾಗಿತ್ತು?"

"ನಂಗೂ ಇವತ್ತ ಗೊತ್ತಾತು."

ತೆಲಿಗಿಗೆ ಬಸ್ಸು ಬದಲಿಸಬೇಕಾದ ಹರಪನಹಳ್ಳಿ ಬಂತು. ಇಳಿಯುವಾಗ ಅಂದ, "ನಾಳಿಯಿಂದ ಈರಕ್ಕನ ಮನ್ಯಾಗ ರೊಟ್ಟಿ ಬಡಿ."

ಎರಡು ವರ್ಷ ಅಲ್ಲೇ ಬಡಿದಳು. ಪಕ್ಕದ ಮನೆಯ ಈರಕ್ಕ ಮೊದಲ ದಿನ ಕೇಳಿದಳು, "ಏನವ್ವ, ಗಂಡ ಹೊರಗ ಹಾಕ್ಯಾನೇನು?"

"ಹೂಂ ಅಕ್ಕ, ರೊಟ್ಟಿ ಬಡಿಯೋ ಹೊತ್ತಿಗಷ್ಟ."

"ಉಣ್ಣೋ ಹೊತ್ತಿಗೆ ಒಳಗ ಕರೀತಾನಲ್ಲ. ಜಾಣ ಅದಾನ ಬಿಡು."

ಪೇಟಿ ತಡೆಯುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಮೊದಮೊದಲು ಬಹಳ. ಆಮೇಲೆ ಕಡಿಮೆ. ಒಂದು ದಿನ ಇಲ್ಲವೇ ಇಲ್ಲ.

ಅದರ ಸಂಗಡ ನಾಟಕವೂ ಹೋಯಿತು. ಹಲವಾಗಲಿನಲ್ಲಿ ರಾಜನ ಪಾರ್ಟಿನವನು ಸಾಲು ಮರೆತು ನಿಂತ. ಪೇಟಿ ನಿಲ್ಲಲಿಲ್ಲ. "ಏ ಮಾಸ್ತರ, ನನ್ನ ಇಲ್ಲೇ ಬಿಟ್ಟು ಎಲ್ಲಿಗೆ ಹೊಂಟ್ರಿ?" ಅಂತ ಅವನು ಕಿರೀಟ ಹಿಡಿದುಕೊಂಡು ಕೂಗಿದ. ಆಮೇಲೆ ಒಂದೊಂದೇ ಊರು ಕರೆಯುವುದು ಬಿಟ್ಟಿತು.

ಚೌಡಣ್ಣ ಮನೆಗೆ ಬಂದು ಬೈದ. "ಎರಡೂ ನಡಸೋ ಹುಚ್ಚಪ್ಪ. ಹೊಟ್ಟಿಗೆ ಹಾಕೋದು ನಾಟಕ."

"ಕೈಗೆ ಎರಡೂ ಬರವಲ್ದು ಮಾಸ್ತರ. ನೋಡೀನಿ."

"ಹಂಗಾರ ಕಚೇರಿ ಬಿಡು."

"ನಾಟಕ ಬಿಡ್ತೀನ್ರಿ."

ಮರುವಾರ ಅವನು ಹರಪನಹಳ್ಳಿಯ ದಲಾಲಿ ಅಂಗಡಿಯಲ್ಲಿ ಚೀಲ ತೂಗುವ ಕೆಲಸಕ್ಕೆ ಸೇರಿದ. ಅದೇ ಊರಲ್ಲಿ ಎರಡು ಸಾವಿರದ ಒಂದರಲ್ಲಿ ಎರಡನೇ ಕಚೇರಿ ಸಿಕ್ಕಿತು. ಕೇಳಲು ನಲವತ್ತು ಜನ ಇದ್ದರು. ಮುಗಿದ ಮೇಲೆ ನೇರ ಗಾದೆಮ್ಮನ ಹತ್ತಿರ ಬಂದ.

"ಎಲ್ಲಾದ್ರೂ ತಡದ್ನೇನು?"

"ಇಲ್ರಿ."

"ಖರೆ ಹೇಳು."

"ಒಂದ್ ಕಡಿಗೂ ಇಲ್ಲ."

ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಇಬ್ಬರಿಗೂ ಚಹಾ ತರಿಸಿದ.

ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಕಡೆಗೆ ಮತ್ತೆ ಕೊಟ್ಟೂರು. ಎಲ್ಲ ಸೇರಿ ಆರು ಕಚೇರಿ ಅಷ್ಟೆ. ಕೊಟ್ಟೂರಿನಲ್ಲಿ ಆ ಸಲ ಮುಕ್ಕಾಲು ತಾಸು ನುಡಿಸಿದ. ಗಾದೆಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಗುನುಗಲು ಎಲ್ಲೂ ಜಾಗ ಇರಲಿಲ್ಲ.