ಅಕ್ಕನ ಉಕ್ಕಿನ ಬಿಲ್ಲೆ

ಅಣು ಒಡೆದಾಗ ಅದರ ಚೂರುಗಳು ಎತ್ತ ಸಿಡಿಯುತ್ತವೆ ಎಂಬುದರ ಚಿತ್ರ ತೆಗೆಯುವುದು ನನ್ನ ಅಕ್ಕನ ಕೆಲಸ. ಚಿತ್ರ ಇನ್ನಷ್ಟು ಸ್ಪಷ್ಟವಾಗಲೆಂದು, ತನ್ನ ಯಂತ್ರದೊಳಗೆ ಕೂರಿಸಲು ನಡುವೆ ತೂತಿರುವ ಉಕ್ಕಿನ ಬಿಲ್ಲೆಯೊಂದನ್ನು ಕುಪವಾಡದಲ್ಲಿ ಲೋಹ ಕಡೆಯುವ ನನ್ನ ಲೇಥಿನಲ್ಲೇ ಮಾಡಿಸಿದಳು. ಕನ್ನಡಕ ಹಣೆಗೇರಿಸಿ ಪಕ್ಕದಲ್ಲೇ ನಿಂತು, "ಜಿಡ್ಡ ಇದ್ರ ಚಿತ್ರ ಮಸಕ ಆಗ್ತೈತಿ, ತಮ್ಮಾ. ಚಂದಂಗ ತೊಳಿ" ಎಂದು ಹತ್ತು ಸಲ ಹೇಳಿದಳು.

"ನಿನ್ನ ಬಿಲ್ಲಿ ಮಡೀಲೆ ಐತೇನ ಅಕ್ಕಾ?" ಎಂದು ನಕ್ಕೆ.

ಅವಳು ಚಹಾ ತರಲು ಹೋದಾಗ, ತೊಳೆಯದೆಯೇ, ತುಕ್ಕು ಹಿಡಿಯದಿರಲೆಂದು ಲೇಥಿನವರ ರೂಢಿಯಂತೆ ಎಣ್ಣೆ ಬಟ್ಟೆಯಿಂದ ಒರೆಸಿ ಪೊಟ್ಟಣ ಕಟ್ಟಿಬಿಟ್ಟೆ.

"ತೊಳದಿ?" ಚಹಾ ತಂದವಳು ಕೇಳಿದಳು.

"ಹೂಂ."

ತಿಂಗಳುಗಟ್ಟಲೆ ಚಿತ್ರ ಮಸುಕಾಗಿಯೇ ಬಂತು. ತನ್ನ ಲೆಕ್ಕವೇ ತಪ್ಪೆಂದು ಅಕ್ಕ ಎಲ್ಲವನ್ನೂ ಮೊದಲಿನಿಂದ ಮಾಡುತ್ತಾ ಕುಳಿತಳು. ಒಂದು ಭಾನುವಾರ ನನಗೆ ಊಟ ಬಡಿಸುತ್ತಾ ಹೇಳಿದಳು: "ಬಿಲ್ಲಿ ಇನ್ನೊಮ್ಮೆ ತೊಳದ ನೋಡು ಅಂದ್ರು ನಮ್ಮ ಸರ್. ನಮ್ಮ ತಮ್ಮ ತೊಳದಾನ್ರಿ, ಅದರಾಗ ತಪ್ಪ ಇರೂದಿಲ್ಲ ಅಂದೆ."

ಆಗಲೂ ಎಣ್ಣೆ ಬಟ್ಟೆಯ ಮಾತೆತ್ತದೆ ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.