ಅಕ್ಕನ ಕಿಟಕಿ ಸೀಟು

ವಿಮಾನದ ಆಟಕ್ಕೆ ವಿಮಾನ ಆರಿಸುವುದು ಸೀರೆ ಅಂಗಡಿಯಲ್ಲಿ ಕೂತಷ್ಟೇ ತಲೆನೋವಿನ ಕೆಲಸ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ತಂದರೆ ಅದರ ಜೊತೆಗೇ ಒಂದಷ್ಟು ವಿಮಾನಗಳು, ಲೋಕದ ನಿಲ್ದಾಣಗಳು ಎಲ್ಲ ಬರುತ್ತವೆ. ಬಂದದ್ದರಲ್ಲಿ ತೃಪ್ತನಾದವನನ್ನು ನಾನಿನ್ನೂ ಕಂಡಿಲ್ಲ. ಬೇರೆಯವರು ತಯಾರಿಸಿದ ವಿಮಾನ, ನಿಲ್ದಾಣಗಳನ್ನು ಮೇಲಿಂದ ಜೋಡಿಸಿಕೊಳ್ಳಬಹುದು; ಅವಕ್ಕೆ ಆಡ್-ಆನ್ ಎನ್ನುತ್ತಾರೆ. ಯಾವುದು ಒಳ್ಳೆಯದು ಎಂದು ಇಂಟರ್ನೆಟ್ಟಿನಲ್ಲಿ ಕೇಳಿದಿರೋ, ಕಥೆ ಮುಗಿಯಿತು. ಒಬ್ಬ ಇಂಜಿನ್ನಿನ ಸದ್ದು ಸರಿಯಿಲ್ಲ ಎನ್ನುತ್ತಾನೆ, ಇನ್ನೊಬ್ಬ ಚಕ್ರದ ಬಣ್ಣ ನಿಜದ್ದಲ್ಲ ಎಂದು ಜಗಳಕ್ಕೆ ನಿಲ್ಲುತ್ತಾನೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದ ನಾನೂ ಅದೇ ಗುಂಪಿನವನು. ಚಕ್ರದ ಬಣ್ಣದ ಬಗ್ಗೆ ನಾನೂ ಜಗಳವಾಡಿದ್ದೇನೆ.

ಆ ಜಗಳಗಳನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದವಳು ನನ್ನ ಅಕ್ಕ.

ಅಕ್ಕ ಭದ್ರಾವತಿಯ ನ್ಯೂಟೌನಿನಲ್ಲಿ ಶಾಲೆಯ ಟೀಚರಾಗಿದ್ದಳು. ಮದುವೆಯಾಗಲಿಲ್ಲ, ಆಗಲಿಲ್ಲವೆಂದು ಕೊರಗಲೂ ಇಲ್ಲ. ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದಾಗ “ಒಂದ್ಸಲ ಹತ್ತಿಸೋ” ಎಂದು ನನಗೆ ಗಂಟುಬಿದ್ದಳು. ಟಿಕೆಟ್ ಮಾಡಿಸಿದೆ. ಅದೇ ತಿಂಗಳು ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದು ಗೊತ್ತಾಯಿತು. ಸೋಮವಾರ, ಬುಧವಾರ, ಶುಕ್ರವಾರ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದುಹೋಗಿ ಸುಸ್ತಾದ ಮೇಲೆ ದುರ್ಗಿಗುಡಿಯ ನಮ್ಮ ಮನೆಗೇ ಬಂದುಬಿಟ್ಟಳು. ವಿಮಾನದ ಟಿಕೆಟ್ ರದ್ದಾಯಿತು. ಆಮೇಲೆ ಅವಳು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ನಾನು ದೊಡ್ಡದೊಂದು ಜೆಟ್ ವಿಮಾನ ಕೊಳ್ಳುವ ಸಂಭ್ರಮದಲ್ಲಿದ್ದೆ. ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಪೈಲಟ್ಟಿನ ಮುಂದಿರುವ ಒಂದೊಂದು ಸ್ವಿಚ್ಚೂ ನಿಜವಾಗಿ ಕೆಲಸ ಮಾಡುತ್ತದೆ ಎಂದು ಕೊಚ್ಚಿಕೊಂಡೆ. ಅವಳು ಎಲ್ಲ ಕೇಳಿಸಿಕೊಂಡು, “ಅದಿರ್ಲಿ, ಇದ್ರಲ್ಲಿ ನಾನೆಲ್ಲಿ ಕೂತ್ಕೊಳ್ಳೋದು?” ಎಂದಳು.

ಹುಡುಕಿದೆ. ಪೈಲಟ್ಟಿನ ಬಾಗಿಲ ಹಿಂದೆ ಏನೂ ಇರಲಿಲ್ಲ. ತಯಾರಿಸಿದವನು ಪ್ರಯಾಣಿಕರ ಭಾಗವನ್ನೇ ಮಾಡಿರಲಿಲ್ಲ. ಹೊರಗಿನಿಂದ ನೋಡಿದರೆ ಸಾಲುಸಾಲು ಕಿಟಕಿ, ಒಳಗೆ ಒಂದು ಸೀಟೂ ಇಲ್ಲ.

“ಡ್ರೈವರ್ ಒಬ್ನೇ ಹೋಗೋ ಬಸ್ಸು. ಬೇಡ ಮಾರಾಯ ಇದು.”

ಅಂದಿನಿಂದ ನಮ್ಮ ಮನೆಯಲ್ಲಿ ವಿಮಾನ ಆರಿಸುವ ಕ್ರಮವೇ ಬದಲಾಯಿತು. ಸ್ವಿಚ್ಚು, ಸದ್ದು ಎಲ್ಲ ಆಮೇಲೆ. ಮೊದಲು ಸೀಟಿರಬೇಕು, ಕಿಟಕಿಯಿರಬೇಕು, ಕಿಟಕಿಯಿಂದ ಕೆಳಗೆ ನೋಡಿದರೆ ರೆಕ್ಕೆ ಅಡ್ಡ ಬರಬಾರದು. ಹೀಗೆ ಸೋಸುತ್ತಾ ಹೋದಾಗ ಕೊನೆಗೆ ಉಳಿದದ್ದು ಎರಡು ಫ್ಯಾನಿನ, ರೆಕ್ಕೆ ತಲೆಯ ಮೇಲಿರುವ ಸಣ್ಣ ವಿಮಾನ. ನನಗದು ಒಂದಿಷ್ಟೂ ಹಿಡಿಸಲಿಲ್ಲ, ಎತ್ತಿನಗಾಡಿ ಎಂದು ಗೊಣಗಿದೆ. ಅಕ್ಕ ಅದರೊಳಗೆಲ್ಲ ನನ್ನನ್ನು ಸುತ್ತಾಡಿಸಿ, ಎಡಗಡೆಯ ಮೂರನೇ ಸಾಲಿನ ಕಿಟಕಿ ಸೀಟು ಹಿಡಿದಳು. ವಿಮಾನ ಮೇಲೇರಿದ ಮೇಲೆ ಅದನ್ನು ಆಟೋಪೈಲಟ್ಟಿಗೆ ಒಪ್ಪಿಸಿ, ನಾನು ಪರದೆಯನ್ನು ಅವಳ ಕಿಟಕಿಗೆ ತಿರುಗಿಸಬೇಕು. ಅದೇ ಒಪ್ಪಂದ.

ಸೋಗಾನೆಯದೂ ಒಂದು ರಗಳೆ. ಆಟದ ಜೊತೆ ಬಂದ ಸೋಗಾನೆಯಲ್ಲಿ ರನ್‌ವೇ ಪಕ್ಕ ಎರಡು ಗೋದಾಮಿನಂಥ ಪೆಟ್ಟಿಗೆಗಳು, ಅಷ್ಟೇ. “ನಮ್ಮ ಕಮಲ ಎಲ್ಲೋ?” ಎಂದು ಕೇಳಿದಳು ಅಕ್ಕ, ಹೂವಿನ ಆಕಾರದ ಆ ಕಟ್ಟಡವನ್ನು ತಾನೇ ನಿಂತು ಕಟ್ಟಿಸಿದವಳ ಹಾಗೆ. ಎಲ್ಲೆಲ್ಲೋ ತಡಕಾಡಿ, ಯಾರೋ ಪುಣ್ಯಾತ್ಮ ಮಾಡಿ ಬಿಟ್ಟಿದ್ದ ಸೋಗಾನೆಯನ್ನು ತಂದು ಹಾಕಿದೆ. ದಳಗಳು ಕೊಂಚ ಸೊಟ್ಟಗಿದ್ದವು. ಅವಳಿಗೆ ಅಷ್ಟು ಸಾಕಾಯಿತು.

ಮುಂದೆ ಯಾವ ಊರಿನ ನಿಲ್ದಾಣ ಕೊಳ್ಳುವುದು ಎಂಬಲ್ಲಿ ನಮ್ಮಿಬ್ಬರಿಗೂ ನಿಜವಾಗಿ ಜಗಳ ಹತ್ತಿಕೊಂಡಿತು. ನಮ್ಮ ಅಮ್ಮ ವಾರಶೂಲೆ ನೋಡದೆ ಹೊಸಲು ದಾಟಿದವಳಲ್ಲ. ಸೋಮವಾರ, ಶನಿವಾರ ಪೂರ್ವಕ್ಕೆ ಹೊರಡುವಂತಿಲ್ಲ, ಮಂಗಳವಾರ, ಬುಧವಾರ ಉತ್ತರಕ್ಕಿಲ್ಲ, ಗುರುವಾರ ದಕ್ಷಿಣಕ್ಕಿಲ್ಲ, ಶುಕ್ರವಾರ, ಭಾನುವಾರ ಪಶ್ಚಿಮಕ್ಕಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಅಕ್ಕ ಅಮ್ಮನ ಬೇರೆಲ್ಲ ಮಡಿ ಬಿಟ್ಟಿದ್ದಳು, ಇದೊಂದನ್ನು ಬಿಟ್ಟಿರಲಿಲ್ಲ. ಹೋದ ದಿನವೇ ಮರಳಿದರೆ ವಾಪಸು ಬರುವುದಕ್ಕೆ ದೋಷವಿಲ್ಲವಂತೆ. ರಾತ್ರಿ ಉಳಿದರೆ ಅದಕ್ಕೂ ವಾರ ನೋಡಬೇಕು.

“ಕುರ್ಚಿ ಬಿಟ್ಟೇ ಏಳ್ದಿರೋರಿಗೆ ಯಾವ ಶೂಲೆ ಅಕ್ಕ?” ಎಂದು ರೇಗಿದೆ.

“ವಿಮಾನ ಏಳುತ್ತಲ್ಲ,” ಎಂದಳು ಅವಳು ಶಾಂತವಾಗಿ.

ಹಾಗಾಗಿ ಒಂದು ಮಂಗಳವಾರ ರಿಯಾಯಿತಿಯಲ್ಲಿ ತಂದ ದೆಹಲಿಯ ನಿಲ್ದಾಣದಲ್ಲಿ ಇಳಿಯಲು ನಾನು ಗುರುವಾರದವರೆಗೆ ಕಾಯಬೇಕಾಯಿತು. ಇಂಥ ಪೈಲಟ್ ಜಗತ್ತಿನಲ್ಲಿ ಇನ್ನೊಬ್ಬ ಇರಲಾರ. ಇಷ್ಟು ಸಾಲದೆಂದು, ಸುತ್ತಾಡಿ ಸೋಗಾನೆಯಲ್ಲಿ ಇಳಿದ ಮೇಲೆ ನಾನು ಕಾಲು ತೊಳೆಯಬೇಕಿತ್ತು. “ಊರೂರು ಅಲ್ಕೊಂಡು ಬಂದಿದೀಯ, ಕಾಲು ತೊಳ್ಕೊಂಡು ಅಡುಗೆಮನೆಗೆ ಬಾ, ಕಾಫಿ ಕೊಡ್ತೀವಿ” ಎನ್ನುತ್ತಿದ್ದಳು. ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಬೈದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದೆ. ಈಗ ಯೋಚಿಸಿದರೆ ನಮ್ಮ ಮನೆಯ ಒಳ್ಳೆಯ ದಿನಗಳು ಅವೇ ಅನ್ನಿಸುತ್ತದೆ. ಆಸ್ಪತ್ರೆಯ ನಡುನಡುವೆ ಬಂದ ದಿನಗಳು.

ಚೆನ್ನೈಯನ್ನು ಆರಿಸಿದ್ದು ಅಕ್ಕ. ಆ ವಾರ ಸ್ವಿಟ್ಜರ್ಲೆಂಡಿನ ನಿಲ್ದಾಣವೊಂದು ಸೋವಿಯಲ್ಲಿ ಸಿಗುತ್ತಿತ್ತು. ಹಿಮದ ಬೆಟ್ಟ ತೋರಿಸಿ ಆಸೆ ಹುಟ್ಟಿಸಲು ನೋಡಿದೆ, ಜಗ್ಗಲಿಲ್ಲ. “ಮಲ್ಪೆಯಲ್ಲಿ ಸೂರ್ಯ ನೀರಲ್ಲಿ ಮುಳುಗೋದು ನೋಡಿದೀನಿ ಕಣೋ. ನೀರಿಂದ ಮೇಲೆ ಬರೋದು ನೋಡಿಲ್ಲ. ಅದು ತೋರಿಸು.”

ಗುರುವಾರ ಪೂರ್ವಕ್ಕೆ ಅಡ್ಡಿಯಿಲ್ಲ. ತಿಂಡಿ ಮುಗಿಸಿ ಕೂತೆವು. ಆಟದೊಳಗೆ ಇನ್ನೂ ನಸುಕು ಹರಿಯದ ಹೊತ್ತನ್ನು ಇಟ್ಟೆ. ಚೆನ್ನೈ ದಾಟಿ ಸಮುದ್ರದ ಮೇಲೆ ಹೋಗಿ, ಅವಳ ಎಡಗಡೆಯ ಕಿಟಕಿ ಪೂರ್ವಕ್ಕೆ ಬರಲೆಂದು ದಕ್ಷಿಣಕ್ಕೆ ತಿರುಗಿದೆ. ಮೊದಲು ನೀರಿನಂಚು ಕೆಂಪಾಯಿತು, ಆಮೇಲೆ ಸೂರ್ಯ ಬಂದ. ಕಂಪ್ಯೂಟರಿನ ಸೂರ್ಯ, ನನಗೆ ಗೊತ್ತು. ಆದರೆ ಅಕ್ಕನ ಮುಖದ ಮೇಲೆ ಬೆಳಕು ಬಿದ್ದದ್ದು ನಿಜ. ಡಯಾಲಿಸಿಸ್‌ನಿಂದ ಕಪ್ಪಿಟ್ಟಿದ್ದ ಆ ಮುಖ ಅಷ್ಟು ಹೊತ್ತು ಚೆನ್ನಾಗಿತ್ತು. ಸೂರ್ಯ ಪೂರ್ತಿ ನೀರು ಬಿಟ್ಟು ಮೇಲೇರುವವರೆಗೂ ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಆಮೇಲೆ “ಸಾಕು, ಇಳಿಸು” ಎಂದಳು.

ಇಳಿಸಿ ನಿಲ್ಲಿಸಿದೆ. ಎಂದಿನಂತೆ ವಾಪಸು ಹೊರಡಲು ಸಿದ್ಧನಾದಾಗ ಅವಳು ತಡೆದಳು.

“ಇವತ್ತು ಬೇಡ, ಸುಸ್ತಾಗಿದೆ. ನಾಳೆ ಶುಕ್ರವಾರ, ಪಶ್ಚಿಮಕ್ಕೆ ಆಗಲ್ಲ, ನಂಗೂ ಆಸ್ಪತ್ರೆ. ಶನಿವಾರ ಹೊರಡೋಣ.”

“ಸರಿ. ಕಾಲು ತೊಳೀಬೇಕೋ ಬೇಡ್ವೋ?”

“ಇನ್ನೂ ಮನೆಗೇ ಬಂದಿಲ್ವಲ್ಲೋ,” ಎಂದು ನಕ್ಕು, ಗೋಡೆ ಹಿಡಿದುಕೊಂಡು ಮಲಗಲು ಹೋದಳು.

ಶುಕ್ರವಾರ ಡಯಾಲಿಸಿಸ್ ನಡೆಯುತ್ತಿರುವಾಗಲೇ ಅವಳ ಬಿ.ಪಿ. ಇಳಿಯಿತು. ಮತ್ತೆ ಏರಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತು, ನಾಳೆ ಯಾವ ಎತ್ತರದಲ್ಲಿ ಬಂದರೆ ಪೂರ್ವದ ಘಾಟಿ ಚೆನ್ನಾಗಿ ಕಾಣಬಹುದು ಎಂದು ಯೋಚಿಸುತ್ತಿದ್ದೆ. ಶನಿವಾರ ಅವಳನ್ನು ಭದ್ರಾವತಿಗೆ ಒಯ್ದು ಭದ್ರೆಯ ದಡದಲ್ಲಿ ಎಲ್ಲ ಮುಗಿಸಿ ಬಂದೆವು.

ಕ್ರಿಯೆಗಳು ಕಳೆದು ನೆಂಟರೆಲ್ಲ ಹೋದ ಮೇಲೆ ಕಂಪ್ಯೂಟರ್ ತೆರೆದೆ. ವಿಮಾನ ಚೆನ್ನೈಯಲ್ಲಿ, ನಾನು ನಿಲ್ಲಿಸಿದಲ್ಲೇ ನಿಂತಿತ್ತು. ನೋಡಲಾಗದೆ ಮುಚ್ಚಿದೆ. ಮಾರನೆಯ ದಿನವೂ ಅಷ್ಟೇ. ನನ್ನ ಅವಸ್ಥೆ ನೋಡಿ ಹೆಂಡತಿ, “ಮೆನುವಿನಲ್ಲಿ ಶಿವಮೊಗ್ಗ ಅಂತ ಒತ್ತಿದ್ರೆ ಇಲ್ಲಿಗೇ ಬರುತ್ತಲ್ವಾ? ಒತ್ತಿಬಿಡಿ” ಎಂದಳು.

“ಹಾಗೆ ಬರೋದಾಗಿದ್ರೆ ಅವಳು ಯಾಕೆ ಶನಿವಾರ ಅಂತಿದ್ಲು?” ಎಂದು ಕೂಗಾಡಿದೆ. ಹೆಂಡತಿ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಮೆನು ಒತ್ತಿದರೆ ವಿಮಾನವಷ್ಟೇ ಇಲ್ಲಿಗೆ ಬರುತ್ತದೆ, ಯಾರೂ ದಾರಿ ಕ್ರಮಿಸಿರುವುದಿಲ್ಲ. ಹಾರಿಸಿಕೊಂಡು ಬರಲೂ ನನಗೆ ಮನಸ್ಸಿರಲಿಲ್ಲ. ಅದು ಅಲ್ಲಿರುವಷ್ಟು ದಿನ ಅಕ್ಕ ಊರಿಗೆ ಹೋಗಿದ್ದಾಳೆ ಎಂದುಕೊಳ್ಳಬಹುದಿತ್ತು. ಇದು ಹುಚ್ಚು ಎಂದು ನನಗೂ ಗೊತ್ತಿತ್ತು. ಹುಚ್ಚು ಎಂದು ಗೊತ್ತಿದ್ದೇ ಹಲವು ಶನಿವಾರಗಳನ್ನು ಕಳೆದೆ. ಹೊಸ ವಿಮಾನಗಳ ಮೇಲೆ ರಿಯಾಯಿತಿ ಎಂಬ ಮೇಲ್‌ಗಳು ಬರುತ್ತಲೇ ಇದ್ದವು, ಒಂದನ್ನೂ ತೆರೆಯಲಿಲ್ಲ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಆ ಸಿಮ್ಯುಲೇಟರೇ. ದೊಡ್ಡ ಅಪ್‌ಡೇಟ್ ಬರಲಿದೆ, ಉಳಿಸಿಟ್ಟ ಹಳೆಯ ಹಾರಾಟಗಳು ಮತ್ತೆ ತೆರೆಯದೇ ಹೋಗಬಹುದು ಎಂಬ ಸೂಚನೆ ಪರದೆಯ ಮೇಲೆ ಬಂತು. ಅವಳನ್ನು ಅಲ್ಲೇ ಬಿಟ್ಟುಬಿಡಲು ನನ್ನಿಂದಾಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆ. ಮೇಲೇರಿದ ಮೇಲೆ ಅಭ್ಯಾಸಬಲದಿಂದ ಪರದೆಯನ್ನು ಮೂರನೇ ಸಾಲಿನ ಕಿಟಕಿಗೆ ತಿರುಗಿಸಿದೆ. ಘಾಟಿ ಬಂತು, ಬಯಲು ಬಂತು, ಕೆರೆಗಳು ಬಂದವು. ಭದ್ರಾವತಿ ಹತ್ತಿರವಾದಾಗ, ಊರು ಎಡಗಡೆಯ ಕಿಟಕಿಗೆ ಕಾಣಲೆಂದು ಕೊಂಚ ಉತ್ತರಕ್ಕೆ ಸರಿದುಕೊಂಡೆ. “ಅಕ್ಕ, ಭದ್ರೆ ಬಂತು ನೋಡು” ಎಂದು ಬಾಯಿಬಿಟ್ಟು ಹೇಳಿದ್ದು ನನ್ನ ಕಿವಿಗೇ ಬಿತ್ತು. ಪಕ್ಕದ ಕುರ್ಚಿಯ ಮೇಲೆ ಮಡಚದ ಬಟ್ಟೆಯ ರಾಶಿ ಬಿದ್ದಿತ್ತು. ಅಲ್ಲಿಯತನಕ ತಡೆದಿದ್ದ ಅಳು ಆಗ ಬಂತು. ಕಣ್ಣು ಮಂಜಾಗಿ ಸೋಗಾನೆಯಲ್ಲಿ ದಢಾರನೆ ಇಳಿಸಿದೆ. ಅಕ್ಕ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದಳು. ಸೊಟ್ಟ ಕಮಲದ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ.

ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ನೀರು ಸುರಿದುಕೊಂಡೆ. ಸದ್ದು ಕೇಳಿ ಹೆಂಡತಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಳು. ಈ ಸಲ ನಗಲಿಲ್ಲ.

“ಬಂದ್ರಾ?”

“ಹೂಂ.”

ಟವೆಲ್ ಕೊಡುತ್ತಾ ಅವಳು ನನ್ನ ಬೆನ್ನ ಹಿಂದೆ ಒಮ್ಮೆ ನೋಡಿದಳು.

“ಒಬ್ರೇ ಬಂದ್ರಾ?”

“ಒಬ್ನೇ ಬಂದೆ,” ಎಂದೆ.